ಬೋಟಿಗೂ ಬೇಕಪ್ಪ ಅರ್ತಿಂಗು

ಮಲ್ಪೆ ಧಕ್ಕೆಯ ಪಕ್ಕದಲ್ಲೇ ಕೂದಲು ಬೆಳ್ಳಗಾದವಳು ನಾನು. ಫಿಶ್ ಫೈಂಡರಿಗೆ ಸಾಲ ಮಾಡಿ ದುಡ್ಡು ಸುರಿಯುತ್ತೀರಿ, ಅದರ ಅರ್ತಿಂಗ್ ವಯರಿಗೆ ಮಾತ್ರ ಚೌಕಾಸಿ. ಬೈಯುವುದಿಲ್ಲ, ಕೂತು ಕೇಳಿ.

• ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಮೀನುಗಾರಿಕೆ ನಿಷೇಧ, ಬೋಟು ಕಡಲಿಗಿಳಿಯುವುದಿಲ್ಲ. ಬಲೆ ರಿಪೇರಿಯ ಜೊತೆಗೇ ಅರ್ತಿಂಗ್ ವಯರನ್ನೂ ತುದಿಯಿಂದ ತುದಿಗೆ ನೋಡಿ. ಆಗಸ್ಟು ಹತ್ತಿರವಾದರೆ ಎಲೆಕ್ಟ್ರಿಷಿಯನ್ ಕೈಗೆ ಸಿಗುವುದಿಲ್ಲ.

• ಮರದ ಬೋಟು, ಫೈಬರ್ ಬೋಟುಗಳಿಗೆ ಅರ್ತಿಗಾಗಿ ನೀರಿನಡಿ ತಾಮ್ರದ್ದೋ ಕಂಚಿನದ್ದೋ ತಗಡು ಹಾಕಿಸಿ. ಕಬ್ಬಿಣದ ಬೋಟಿಗೆ ಬೇಡ, ಅದರ ಮೈಯೇ ಅರ್ತು. ಅಲ್ಲಿ ತಾಮ್ರ ಜಡಿದರೆ ಪಕ್ಕದ ಕಬ್ಬಿಣ ತಿಂದುಹೋಗ್ತದೆ.

• ಬಣ್ಣ ಬಳಿಯುವಾಗ ಪಕ್ಕದಲ್ಲೇ ನಿಲ್ಲಿ. ಚಂದ ಕಾಣಲಿ ಅಂತ ಹುಡುಗರು ಆ ತಗಡಿಗೂ ಸತುವಿನ ತುಂಡಿಗೂ ಬಳಿದುಬಿಡ್ತಾರೆ. ಬಣ್ಣ ಬಿದ್ದರೆ ತಗಡಿಗೆ ನೀರು ಸೋಕುವುದಿಲ್ಲ. ಸತು ಕರಗದೆ ಕೂತರೆ ಪ್ರೊಪೆಲ್ಲರ್ ಕರಗ್ತದೆ.

• ಜಾಯಿಂಟು ನೋಡಿ, ಜಾಯಿಂಟು! ಒಂದು ಸೀಸನ್ ನಮ್ಮ ಬೋಟಿನ ಎಂಜಿನ್ ಶುರುವಾದ ಕೂಡಲೆ ಫಿಶ್ ಫೈಂಡರಿನ ಪರದೆ ತುಂಬ ಚುಕ್ಕಿ. ಮೀನೆಂದು ಬಲೆ ಬಿಟ್ಟರು, ಎರಡು ಸಲ ಡೀಸೆಲ್ ದಂಡ. ಕೊನೆಗೆ ಕಂಡದ್ದೇನು? ಎಂಜಿನ್ನಿನ ಅಡಿ, ಒಂದೇ ಒಂದು ಅರ್ತಿಂಗ್ ನಟ್ಟಿನ ಮೇಲೆ ತಿಂಗಳುಗಟ್ಟಲೆ ತಿಕ್ಕದ ತಾಮ್ರದ ಕೊಡದ ಹಾಗೆ ಹಸಿರು ಕಿಲುಬು. ಸ್ಯಾಂಡ್ ಪೇಪರಿನಲ್ಲಿ ಉಜ್ಜಿ, ಬಿಗಿದು, ಮೇಲೆ ವ್ಯಾಸಲಿನ್ ಸವರಿ. ಹುಣಸೆಹುಳಿ ಕೊಡಕ್ಕಿರಲಿ; ವಯರಿನ ಎಳೆಯೊಳಗೆ ಹುಳಿ ಉಳಿದರೆ ಅದೇ ತಾಮ್ರವನ್ನು ತಿಂತದೆ.

• ಮನೆ ವಯರಿಂಗಿನಲ್ಲಿ ಉಳಿದ ತುಂಡು ತರಬೇಡಿ, ಉಪ್ಪುಗಾಳಿಗೆ ಒಳಗೇ ಕಪ್ಪಾಗ್ತದೆ. ತವರ ಲೇಪದ ತಾಮ್ರದ ವಯರ್ ತನ್ನಿ. ದಪ್ಪವಿರಬೇಕು, ಗಿಡ್ಡವೂ ಇರಬೇಕು.

• ವಯರ್‌ಲೆಸ್, ಜಿಪಿಎಸ್, ಫಿಶ್ ಫೈಂಡರ್ ಮೂರರ ಅರ್ತೂ ಬೇರೆ ಬೇರೆಯಾಗಿ ಬಂದು ಒಂದೇ ಪಟ್ಟಿ ಸೇರಲಿ. ಮಲ್ಲಿಗೆ ಕಟ್ಟಿದ ಹಾಗೆ ಒಂದರಿಂದ ಒಂದಕ್ಕೆ ಕಟ್ಟಿದರೆ, ನಡುವಿನದು ಬಿಟ್ಟಾಗ ಮುಂದಿನದೂ ಹೋಯಿತು.

• ಲಾರಿಯಲ್ಲಿ ಮಾಡುವ ಹಾಗೆ ಬೋಟಿನ ಮೈಯನ್ನೇ ನೆಗೆಟಿವ್ ಮಾಡಿಕೊಳ್ಳಬೇಡಿ. ಲಾರಿ ನಿಂತದ್ದು ಟಯರಿನ ಮೇಲೆ, ಬೋಟು ಉಪ್ಪುನೀರಿನಲ್ಲಿ. ನೆಗೆಟಿವ್ ಅರ್ತನ್ನು ಮುಟ್ಟುವುದು ಒಂದೇ ಕಡೆ ಇರಲಿ.

• ಕಂಬದ ಸಿಡಿಲಿನ ವಯರನ್ನು ನೇರ ತಗಡಿಗೆ ಇಳಿಸಿ. ಸಿಡಿಲಿಗೆ ಮೂಲೆ ತಿರುಗುವ ತಾಳ್ಮೆ ಇಲ್ಲ, ಪಕ್ಕಕ್ಕೆ ಹಾರಿಬಿಡ್ತದೆ. ಗುಡುಗು ದೂರವಿದ್ದಾಗಲೇ ಆಂಟೆನಾ ಕಳಚಿ, ಮೇಲೆ ಬಂದ ಮೇಲೆ ಮುಟ್ಟಬೇಡಿ. ಆಗ ಮಾತಿಗೆ ಕೈಯಲ್ಲಿ ಹಿಡಿಯುವ ವಿಎಚ್‌ಎಫ್ ವಯರ್‌ಲೆಸ್ ತುರ್ತು ಕರೆಯ 16ನೇ ಚಾನೆಲ್ಲಿನಲ್ಲಿರಲಿ. ಅದಕ್ಕೆ ಚಾರ್ಜ್ ಹಾಕಿದ್ದೀರಿ ತಾನೆ?