ಉದ್ದಕ್ಕೆ ಏರಿ ಸೊರಗಿದ ಹೂಗಿಡ: ಸವರುವಿಕೆ ಮತ್ತು ಕಡ್ಡಿಯಿಂದ ಸಸಿ

ಸೇವಂತಿಗೆ, ಕನಕಾಂಬರ, ದಾಸವಾಳ, ಮಲ್ಲಿಗೆ ಮೊದಲಾದ ಹೂಗಿಡಗಳು ಕತ್ತರಿ ಕಾಣದೆ ಬೆಳೆದರೆ ಬುಡ ಬೋಳಾಗಿ, ಕಾಂಡ ಬಡಕಲಾಗಿ, ಎಲೆ–ಹೂಗಳು ತುದಿಯಲ್ಲಷ್ಟೇ ಉಳಿಯುತ್ತವೆ. ಮಳೆಗಾಳಿಗೆ ಅಂಥ ಗಿಡ ಬಾಗಿ ಮಲಗುತ್ತದೆ, ಹೂವಿನ ಗಾತ್ರವೂ ಕುಗ್ಗುತ್ತದೆ. ಇದರ ಮೂಲ ಕುಡಿಯಲ್ಲಿದೆ. ಬೆಳೆಯುವ ಕುಡಿಯಲ್ಲಿ ಹುಟ್ಟುವ ಆಕ್ಸಿನ್ ಎಂಬ ಚೋದಕ ಕಾಂಡದುದ್ದಕ್ಕೂ ಕೆಳಗಿಳಿದು, ಗೆಣ್ಣುಗಳಲ್ಲಿರುವ ಕಣ್ಣುಗಳು ಒಡೆಯದಂತೆ ತಡೆಯುತ್ತದೆ. ಕುಡಿ ತೆಗೆದ ಮೇಲೆ ಆ ತಡೆ ಸಡಿಲವಾಗಿ, ಕೆಳಗಿನ ಕಣ್ಣುಗಳು ಚಿಗುರಿ ಕವಲುಗಳಾಗುತ್ತವೆ. ಸವರುವಿಕೆಯ ತಿರುಳು ಇಷ್ಟೇ.

ಆದರೆ ಗಿಡ ಉದ್ದವಾಗುವುದಕ್ಕೆ ನೆರಳು, ಒತ್ತಾದ ನಾಟಿ, ಅತಿಯಾದ ಯೂರಿಯಾ ಕೂಡ ಕಾರಣಗಳು. ಬಿಸಿಲು ಬೀಳದ ಜಾಗದಲ್ಲಿರುವ ಗಿಡವನ್ನು ಎಷ್ಟು ಸವರಿದರೂ ಹೊಸ ಚಿಗುರು ಮತ್ತೆ ಬೆಳಕು ಹುಡುಕಿಕೊಂಡು ಉದ್ದಕ್ಕೇ ಓಡುತ್ತದೆ. ಆದ್ದರಿಂದ ಕತ್ತರಿ ಹಿಡಿಯುವ ಮುನ್ನ ಮೇಲಿನ ಮರದ ರೆಂಬೆ ತೆಗೆಯುವುದೋ, ಗಿಡಗಳ ನಡುವಿನ ಅಂತರ ಹೆಚ್ಚಿಸುವುದೋ ಅಗತ್ಯವೇ ಎಂದು ನೋಡಬೇಕು.

ಸವರುವ ಕತ್ತರಿ ಹರಿತವಾಗಿರಬೇಕು. ಮೊಂಡು ಕತ್ತರಿ ಕಾಂಡವನ್ನು ಜಜ್ಜುತ್ತದೆ, ಜಜ್ಜಿದ ಜಾಗ ಕೊಳೆಯುತ್ತದೆ. ಹೊರಮುಖವಾಗಿರುವ ಕಣ್ಣಿನ ಮೇಲೆ ಸುಮಾರು ಅರ್ಧ ಸೆಂ.ಮೀ. ಬಿಟ್ಟು, ಓರೆಯಾಗಿ ಕತ್ತರಿಸಬೇಕು. ಅದಕ್ಕಿಂತ ಉದ್ದದ ಮೋಟು ಬಿಟ್ಟರೆ ಅದು ಒಣಗುತ್ತಾ ಕೆಳಗಿಳಿಯುತ್ತದೆ. ಕನಕಾಂಬರದಂಥ ಮೆದುಕಾಂಡದ ಹಳೆಯ ಗಿಡವನ್ನು ಎಲೆಯೇ ಇಲ್ಲದ ಬುಡದವರೆಗೆ ಒಂದೇ ಸಲ ಕಡಿಯುವುದು ಅಪಾಯ; ಮೂರರಲ್ಲೊಂದು ಭಾಗ ತೆಗೆದು, ಕೆಳಗೆ ಚಿಗುರು ಕಂಡ ಮೇಲೆ ಇನ್ನಷ್ಟು ತಗ್ಗಿಸುವುದು ಕ್ಷೇಮ. ದಪ್ಪ ಕಾಂಡದ ಗಾಯಗಳಿಗೆ ಬೋರ್ಡೋ ಮುಲಾಮು ಹಚ್ಚಬೇಕು. 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣವನ್ನು ಬೇರೆ ಬೇರೆಯಾಗಿ ಅರ್ಧರ್ಧ ಲೀಟರ್ ನೀರಿನಲ್ಲಿ ಕರಗಿಸಿ, ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆಯಲ್ಲಿ ಬೆರೆಸಿದರೆ ಮುಲಾಮು ಸಿದ್ಧ. ಕಬ್ಬಿಣದ ಪಾತ್ರೆ ಸಲ್ಲದು.

ಸೇವಂತಿಗೆಯಲ್ಲಿ ಕುಡಿ ಚಿವುಟುವ ಕೆಲಸಕ್ಕೆ ಲೆಕ್ಕಾಚಾರ ಬೇಕು. ಇದು ರಾತ್ರಿ ಉದ್ದವಾದಾಗ ಮೊಗ್ಗು ಹಿಡಿಯುವ ಗಿಡ. ಮುಂಗಾರಿನಲ್ಲಿ ನಾಟಿ ಮಾಡಿದ ಸಸಿಗೆ ಸುಮಾರು ನಾಲ್ಕು ವಾರ ತುಂಬಿದಾಗ ತುದಿಯ 2–3 ಸೆಂ.ಮೀ. ಎಳೆಕುಡಿಯನ್ನು ಚಿವುಟಬೇಕು, ಕವಲುಗಳು ಬೆಳೆದ ಮೇಲೆ ಬೇಕೆನಿಸಿದರೆ ಇನ್ನೊಮ್ಮೆ. ದಸರಾ–ದೀಪಾವಳಿಗೆ ಹೂವು ಬೇಕಾದವರು ಮೊಗ್ಗು ಮೂಡುವ ಕಾಲ ಹತ್ತಿರವಾದ ಮೇಲೆ ಕುಡಿ ಮುಟ್ಟಬಾರದು. ತಡವಾಗಿ ಚಿವುಟಿದರೆ ಮೊಗ್ಗೇ ಹೋಗುತ್ತದೆ, ಹಬ್ಬದ ಮಾರುಕಟ್ಟೆ ಕೈತಪ್ಪುತ್ತದೆ. ಹೂವು ಮುಗಿದ ಮೇಲೆ ಒಣಗಿದ ಕಾಂಡಗಳನ್ನು ನೆಲದಿಂದ 10–15 ಸೆಂ.ಮೀ. ಎತ್ತರಕ್ಕೆ ಕತ್ತರಿಸಿ, ಬುಡಕ್ಕೆ ಕೊಟ್ಟಿಗೆ ಗೊಬ್ಬರ ಕೊಟ್ಟು ನೀರುಣಿಸಿದರೆ ಬುಡದಿಂದ ಮರಿಗಳು ಏಳುತ್ತವೆ. ಬಹಳ ಕಡೆ ಈ ಮರಿಗಳನ್ನೇ ಕಿತ್ತು ನೆಡುವ ರೂಢಿಯಿದೆ. ಕೆಲಸ ಸುಲಭವೇನೋ ಹೌದು. ಆದರೆ ಹಳೆಯ ಮಣ್ಣಿನ ರೋಗವೂ ಬೇರಿನ ಜೊತೆ ಹೊಸ ಮಡಿಗೆ ಬರುತ್ತದೆ, ಸಸಿಗಳು ಒಂದೇ ಸಮ ಇರುವುದೂ ಇಲ್ಲ. ಮರಿಗಳನ್ನು ತಾಯಿಗಿಡದಲ್ಲೇ ಬೆಳೆಯಲು ಬಿಟ್ಟು, ಅವುಗಳ ತುದಿಕುಡಿಯನ್ನು ಕತ್ತರಿಸಿ ಬೇರು ಬರಿಸುವುದೇ ಉತ್ತಮ ಕ್ರಮ. ಏಪ್ರಿಲ್–ಮೇ ತಿಂಗಳಲ್ಲಿ ಹಗಲು ಉದ್ದವಿರುವುದರಿಂದ ಚಿಗುರು ಮೊಗ್ಗಿಗೆ ಹೋಗದೆ ಎಲೆ ಬಿಡುತ್ತಿರುತ್ತದೆ. ಆಗ ತೆಗೆದ ಕುಡಿಗಳು ಮುಂಗಾರು ನಾಟಿಗೆ ಸರಿಯಾಗಿ ಸಿದ್ಧವಾಗುತ್ತವೆ.

ಕಡ್ಡಿ ಬೇರು ಬಿಡುವ ಬಗೆ ತಿಳಿದರೆ ಮುಂದಿನ ಕೆಲಸಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ. ತಾಯಿಗಿಡದಿಂದ ಬೇರ್ಪಟ್ಟ ಕುಡಿಗೆ ನೀರು ಹೀರುವ ಬೇರಿಲ್ಲ, ಎಲೆಗಳಿಂದ ನೀರು ಆರುತ್ತಲೇ ಇರುತ್ತದೆ. ಹಾಗೆಂದು ಎಲೆಯನ್ನೆಲ್ಲ ಕಿತ್ತರೆ ಬೇರು ಹುಟ್ಟಲು ಬೇಕಾದ ಸಕ್ಕರೆ ಮತ್ತು ಆಕ್ಸಿನ್ ಸಿಗುವುದಿಲ್ಲ. ಕೆಳಗಿನ ಅರ್ಧದ ಎಲೆ ತೆಗೆದು ಮೇಲಿನ ನಾಲ್ಕಾರು ಎಲೆ ಉಳಿಸುವುದು ಇದಕ್ಕಾಗಿ. ಮೊಗ್ಗಿದ್ದರೆ ಅದನ್ನೂ ಚಿವುಟಬೇಕು, ಇಲ್ಲವಾದರೆ ಕಡ್ಡಿಯಲ್ಲಿರುವ ಆಹಾರವನ್ನು ಅದೇ ತಿಂದು ಮುಗಿಸುತ್ತದೆ.

ತಾಯಿಗಿಡಕ್ಕೆ ಹಿಂದಿನ ದಿನ ನೀರು ಕೊಟ್ಟಿರಬೇಕು. ಬೆಳಗಿನ ತಂಪಿನಲ್ಲಿ 6–8 ಸೆಂ.ಮೀ. ಉದ್ದದ ಕುಡಿಗಳನ್ನು ಗೆಣ್ಣಿನ ಸ್ವಲ್ಪ ಕೆಳಗೆ ಕತ್ತರಿಸಿ, ಒದ್ದೆ ಗೋಣಿಚೀಲದಲ್ಲಿಟ್ಟು ಅದೇ ದಿನ ನೆಡಬೇಕು. ತೊಳೆದ ಮರಳು ಮತ್ತು ತೆಂಗಿನ ನಾರಿನ ಪುಡಿ ಸಮಪಾಲು ಬೆರೆಸಿದ ಮಡಿ ಅಥವಾ ಪ್ರೊ–ಟ್ರೇ ಸಾಕು. ಇಲ್ಲಿ ಗೊಬ್ಬರ ಬೇಡ. ಬೇರಿಲ್ಲದ ಕಡ್ಡಿಗೆ ಅದರಿಂದ ಪ್ರಯೋಜನವಿಲ್ಲ, ಹಸಿಗೊಬ್ಬರವಾದರೆ ಕೊಳೆರೋಗವನ್ನೇ ಕರೆದಂತೆ. ಕಡ್ಡಿಯ ಬುಡವನ್ನು ಐಬಿಎ ಎಂಬ ಬೇರು ಬರಿಸುವ ಚೋದಕದ ಪುಡಿಯಲ್ಲಿ ಅದ್ದಿ, ಹೆಚ್ಚಾದುದನ್ನು ಕೊಡವಿ ನೆಡಬೇಕು. ಮೆದು ಕುಡಿಗೆ ಕಡಿಮೆ ಪ್ರಮಾಣದ ಐಬಿಎ, ಬಲಿತ ಕಡ್ಡಿಗೆ ಹೆಚ್ಚಿನದು. ಅಳತೆ ಮೀರಿದರೆ ಬುಡ ಕಪ್ಪಾಗುತ್ತದೆ. ಕಡ್ಡಿಯನ್ನು ನೇರವಾಗಿ ಚುಚ್ಚಿದರೆ ಪುಡಿ ಉಜ್ಜಿಹೋಗುವುದರಿಂದ ಮೊದಲು ಕೋಲಿನಿಂದ ತೂತು ಮಾಡಿ, 2–3 ಸೆಂ.ಮೀ. ಆಳಕ್ಕೆ ಇಳಿಸಿ, ಬುಡ ಒತ್ತಬೇಕು. ಅರ್ಧ ಬಿಸಿಲು ತಡೆಯುವ ನೆರಳುಬಲೆಯ ಕೆಳಗೆ ಇಟ್ಟು, ದಿನಕ್ಕೆ ಮೂರು–ನಾಲ್ಕು ಸಲ ಎಲೆಗಳ ಮೇಲೆ ತೆಳುವಾಗಿ ನೀರು ಸಿಂಪಡಿಸಬೇಕು. ಮಡಿ ತೇವವಾಗಿರಲಿ, ಕೆಸರಾಗದಿರಲಿ. ಕಡ್ಡಿಗಳು ಸಾಯುವುದು ನೀರಿಲ್ಲದೆ ಎಂದು ತಿಳಿದವರೇ ಹೆಚ್ಚು. ನೀರು ನಿಂತು ಬುಡ ಕೊಳೆತು ಸಾಯುವವೂ ಕಡಿಮೆಯಿಲ್ಲ. ಎರಡು–ಮೂರು ವಾರದಲ್ಲಿ ಸೇವಂತಿಗೆ ಬೇರು ಬಿಡುತ್ತದೆ. ಮೆಲ್ಲಗೆ ಎಳೆದಾಗ ಬಿಗಿಯಾಗಿದ್ದರೆ ಬೇರು ಹಿಡಿದಿದೆ ಎಂದರ್ಥ.

ಕನಕಾಂಬರದ ‘ಡೆಲ್ಲಿ’ ತಳಿಗೆ ಕಡ್ಡಿಯೊಂದೇ ದಾರಿ. ಅದು ತ್ರಿಗುಣಿತ ವರ್ಣತಂತುಗಳ ತಳಿಯಾದ್ದರಿಂದ ಬೀಜ ಕಟ್ಟುವುದಿಲ್ಲ. ಸವರಿದಾಗ ಸಿಗುವ, ತೀರ ಎಳೆಯದೂ ಅಲ್ಲದ ತೀರ ಬಲಿತದ್ದೂ ಅಲ್ಲದ, ಎರಡು–ಮೂರು ಗೆಣ್ಣಿರುವ ಕಡ್ಡಿಗಳು ಚೆನ್ನಾಗಿ ಬೇರು ಬಿಡುತ್ತವೆ. ಈ ಬೆಳೆಯ ದೊಡ್ಡ ಶತ್ರು ಜಂತುಹುಳು. ಆದ್ದರಿಂದ ಹಳೆಯ ಕನಕಾಂಬರದ ತೋಟದ ಮಣ್ಣನ್ನು ಮಡಿಗೆ ಬಳಸಲೇಬಾರದು.

ಮಲ್ಲಿಗೆ, ಗುಲಾಬಿ, ದಾಸವಾಳ ಹೊಸ ಚಿಗುರಿನಲ್ಲಿ ಹೂ ಬಿಡುವ ಗಿಡಗಳು, ಸವರಿದಷ್ಟೂ ಲಾಭ. ದುಂಡುಮಲ್ಲಿಗೆಯನ್ನು ನವೆಂಬರ್ ಕೊನೆಯ ಹೊತ್ತಿಗೆ 45–50 ಸೆಂ.ಮೀ. ಎತ್ತರಕ್ಕೆ ತಗ್ಗಿಸುತ್ತಾರೆ. ಗುಲಾಬಿಗೆ ಮಳೆಗಾಲ ಕಳೆದ ಅಕ್ಟೋಬರ್ ಸೂಕ್ತ. ಸವರಿದ ಒಂದೂವರೆ ತಿಂಗಳಿನ ಆಸುಪಾಸಿನಲ್ಲಿ ಹೂವು ಬರುತ್ತದೆ. ಕಸಿ ಗುಲಾಬಿಯಲ್ಲಿ ಕಸಿಗಂಟಿನ ಕೆಳಗಿನಿಂದ ಏಳುವ ಕಾಡುಚಿಗುರನ್ನು ಬುಡಸಮೇತ ತೆಗೆಯಬೇಕು. ಈ ಮೂರೂ ಗಿಡಗಳ ಸಸಿ ಮಾಡಲು ಪೆನ್ಸಿಲ್ ದಪ್ಪದ, 15–20 ಸೆಂ.ಮೀ. ಉದ್ದದ, ಮೂರು–ನಾಲ್ಕು ಕಣ್ಣಿನ ಕಡ್ಡಿ ಬೇಕು. ಬುಡದ ಕಡೆ ಓರೆಯಾಗಿ, ತುದಿಯ ಕಡೆ ನೇರವಾಗಿ ಕತ್ತರಿಸುವುದರಿಂದ ತಲೆಕೆಳಗಾಗಿ ನೆಡುವ ತಪ್ಪು ಆಗುವುದಿಲ್ಲ.

ಬೇರು ಬಂದ ಸಸಿಯನ್ನು ಒಮ್ಮೆಲೇ ಬಿಸಿಲಿಗೆ ತರದೆ, ವಾರವೊಂದರಲ್ಲಿ ನೆರಳು ಕಡಿಮೆ ಮಾಡುತ್ತಾ ಒಗ್ಗಿಸಿ, ಸಂಜೆ ಹೊತ್ತು ನಾಟಿ ಮಾಡಬೇಕು.

ಸವರಿದಾಗ ಬಿದ್ದ ಕಡ್ಡಿಯೆಲ್ಲ ನೆಡಲು ತಕ್ಕುದಲ್ಲ. ಕಡ್ಡಿಯಿಂದ ಬಂದ ಗಿಡ ತಾಯಿಗಿಡದ ಗುಣವನ್ನಷ್ಟೇ ಅಲ್ಲ, ಅದರ ನಂಜುರೋಗವನ್ನೂ ಹೊತ್ತು ತರುತ್ತದೆ. ಸೇವಂತಿಗೆಯ ಕುಬ್ಜರೋಗದ ಸೋಂಕು ಕತ್ತರಿಗೆ ಅಂಟಿದ ರಸದಿಂದಲೇ ಗಿಡದಿಂದ ಗಿಡಕ್ಕೆ ದಾಟುತ್ತದೆ. ಆದ್ದರಿಂದ ತಾಯಿಗಿಡಗಳನ್ನು ಹೂವಿರುವಾಗಲೇ ನೋಡಿ ಗುರುತು ಕಟ್ಟಿಡಬೇಕು. ಎಲೆ ಮುದುಡಿದ, ಹಳದಿ ಮಚ್ಚೆ ಮೂಡಿದ, ಗಿಡ್ಡಗಾದ ಗಿಡವನ್ನು ಕಿತ್ತು ಸುಡಬೇಕು. ಒಳ್ಳೆಯ ತಾಯಿಗಿಡ ತೋಟದಲ್ಲಿ ಇಲ್ಲದಿದ್ದರೆ ಆ ವರ್ಷ ನಂಬಿಕೆಯ ಸಸ್ಯಕ್ಷೇತ್ರದಿಂದ ಸಸಿ ತರುವುದೇ ಸರಿ.