ಬೇಸಿಗೆಗೆ ಮುಂಚೆ ಊರಿನ ಲೆಕ್ಕ: ಯಾವ ಕೊಟ್ಟಿಗೆಗೆ ಮೊದಲ ಪೆಟ್ಟು?



2023ರ ಬರ ನಮಗೆಲ್ಲ ನೆನಪಿದೆ. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತವೆಂದು ಘೋಷಿಸಿತ್ತು. ಇಂಥ ವರ್ಷದಲ್ಲಿ ಒಂದೇ ಊರಿನ ಒಂದು ಮನೆಯಲ್ಲಿ ಹಾಲು ಎರಡು ಲೀಟರ್ ಇಳಿಯುತ್ತದೆ. ಪಕ್ಕದ ಮನೆಯಲ್ಲಿ ಮೇವಿಲ್ಲದೆ ಕರೆಯುವ ಹಸುವನ್ನೇ ಸಿಕ್ಕಿದ ಬೆಲೆಗೆ ಸಂತೆಯಲ್ಲಿ ಬಿಟ್ಟುಬರಬೇಕಾಗುತ್ತದೆ. ಹಸು ಹೋದರೆ ಬಟವಾಡೆಯೂ ಹೋಯಿತು. ಮಕ್ಕಳ ಶಾಲೆಯ ಖರ್ಚು, ಸ್ವಸಹಾಯ ಸಂಘದ ಕಂತು, ಮನೆಯ ದಿನಸಿ ಎಲ್ಲಕ್ಕೂ ಕೈ ಚಾಚುವ ಪರಿಸ್ಥಿತಿ ಬರುತ್ತದೆ. ಮತ್ತೊಂದು ಹಸು ಕಟ್ಟಲು ಎಷ್ಟೋ ವರ್ಷ ಬೇಕು.

ಮಳೆ ನಮ್ಮ ಕೈಯಲ್ಲಿಲ್ಲ. ಆದರೆ ಊರಿನ ಯಾವ ಮನೆಗೆ ಮೊದಲು ಪೆಟ್ಟು ಬೀಳುತ್ತದೆ ಎಂಬುದನ್ನು ಮೊದಲೇ ತಿಳಿದು, ಅಲ್ಲಿ ಆಸರೆ ಕೊಡುವುದು ನಮ್ಮ ಸಂಘದ ಕೈಯಲ್ಲಿದೆ. ಈ ಸಂಚಿಕೆಯ ಪಾಠ ಅದೇ.

ಪೆಟ್ಟು ಏಕೆ ಹೆಚ್ಚು ಕಡಿಮೆ?

ಇದಕ್ಕೆ ಮೂರು ಕಾರಣಗಳಿವೆ.

ಒಂದು, ಬಿಸಿಲು ಮತ್ತು ಬರಕ್ಕೆ ಎಷ್ಟು ಒಡ್ಡಿಕೊಂಡಿದ್ದೇವೆ ಎಂಬುದು. ತಗ್ಗಾದ ತಗಡಿನ ಕೊಟ್ಟಿಗೆಯ ಹಸುವಿಗೂ ಹೊಂಗೆ ಮರದ ನೆರಳಿನ ಹಸುವಿಗೂ ಮಧ್ಯಾಹ್ನ ಒಂದೇ ಅಲ್ಲ.

ಎರಡು, ರಾಸು ಎಷ್ಟು ಸೂಕ್ಷ್ಮ ಎಂಬುದು. ಎಚ್.ಎಫ್. ಮಿಶ್ರತಳಿ ಹಸು ಹೆಚ್ಚು ಹಾಲು ಕೊಡುತ್ತದೆ, ಆದರೆ ಸೆಕೆ ತಡೆಯುವುದಿಲ್ಲ. ಹಳ್ಳಿಕಾರ್‌ನಂತಹ ನಾಟಿ ತಳಿ ಹಾಲು ಕಡಿಮೆ ಕೊಟ್ಟರೂ ಬಿಸಿಲು ತಾಳುತ್ತದೆ. ಬಾಯಿ ತೆರೆದು ಏದುಸಿರು ಬಿಡುವುದು, ಜೊಲ್ಲು ಸುರಿಸುವುದು, ಮಲಗದೆ ನಿಂತೇ ಇರುವುದು, ಮೇವು ಬಿಡುವುದು ಸೆಕೆಯ ಲಕ್ಷಣಗಳು. ಇಂಥ ಹಸು ಬೆದೆಗೆ ಬಂದರೂ ಸರಿಯಾಗಿ ತೋರಿಸುವುದಿಲ್ಲ, ಗಬ್ಬ ನಿಲ್ಲುವುದೂ ಕಷ್ಟ. ಹಾಗಾಗಿ ಈ ಬೇಸಿಗೆಯ ನಷ್ಟ ಮುಂದಿನ ವರ್ಷದ ಕರುವಿನವರೆಗೂ ಹೋಗುತ್ತದೆ.

ಮೂರು, ತಾಳಿಕೊಳ್ಳುವ ಶಕ್ತಿ. ಹುಲ್ಲಿನ ಮೆದೆ, ನೀರು, ಉಳಿತಾಯ, ವಿಮೆ ಇರುವ ಮನೆ ತಡೆದುಕೊಳ್ಳುತ್ತದೆ. ಜಮೀನಿಲ್ಲದೆ ಹಾಲನ್ನೇ ನಂಬಿದ ಮನೆ ಬೇಗ ಕುಸಿಯುತ್ತದೆ.

ಸಭೆಯಲ್ಲಿ ಮಾಡುವ ಲೆಕ್ಕ

ರಾಗಿ ಕೊಯ್ಲು ಮುಗಿಯುವ ಈ ದಿನಗಳೇ ಲೆಕ್ಕಕ್ಕೆ ಸರಿಯಾದ ಕಾಲ. ಸಂಘದ ಸಭೆಗೆ ಒಂದು ಸೇರು ಅವರೆಕಾಳು ತನ್ನಿ. ಕೆಳಗಿನ ಐದು ಪ್ರಶ್ನೆಗಳನ್ನು ಓದುತ್ತಾ ಹೋಗಿ. "ಇಲ್ಲ" ಎನ್ನುವ ಪ್ರತಿ ಉತ್ತರಕ್ಕೂ ಸದಸ್ಯೆ ಒಂದು ಕಾಳು ತೆಗೆದುಕೊಳ್ಳಲಿ.

1. ಮೇವು: ಮೇ ಕೊನೆಯವರೆಗೆ ಸಾಲುವಷ್ಟು ಒಣಮೇವು ಮನೆಯಲ್ಲಿದೆಯೇ?
2. ನೀರು: ಬೇಸಿಗೆಯಲ್ಲೂ ಹಸುವಿಗೆ ಬೇಕಾದಷ್ಟು ನೀರು ಕೊಟ್ಟಿಗೆಯ ಹತ್ತಿರವೇ ಸಿಗುತ್ತದೆಯೇ? ಕರೆಯುವ ಮಿಶ್ರತಳಿ ಹಸುವಿಗೆ ಬಿಸಿಲಿನಲ್ಲಿ ದಿನಕ್ಕೆ 60ರಿಂದ 80 ಲೀಟರ್, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಅಷ್ಟನ್ನು ಕೊಡದಲ್ಲಿ ಹೊರುವವರು ಯಾರೆಂದೂ ಕೇಳಿ.
3. ನೆರಳು: ಮಧ್ಯಾಹ್ನ 12ರಿಂದ 4ರವರೆಗೆ ಹಸುವಿಗೆ ತಂಪಾದ, ಗಾಳಿಯಾಡುವ ಜಾಗ ಇದೆಯೇ?
4. ರೋಗ: ಎಲ್ಲ ಲಸಿಕೆ ಆಗಿವೆಯೇ? ವಿಮೆ ಚಾಲ್ತಿಯಲ್ಲಿದೆಯೇ? ಎರಡರಲ್ಲಿ ಒಂದು ತಪ್ಪಿದ್ದರೂ ಕಾಳು ತೆಗೆದುಕೊಳ್ಳಿ.
5. ಆಸರೆ: ಹಾಲು ನಿಂತರೂ ಎರಡು ತಿಂಗಳು ಮನೆ ನಡೆಸುವ ಬೇರೆ ಆದಾಯ ಅಥವಾ ಉಳಿತಾಯ ಇದೆಯೇ?

ಮೂರು ಅಥವಾ ಹೆಚ್ಚು ಕಾಳು ಬಂದ ಮನೆಗಳಿಗೇ ಮೊದಲ ಪೆಟ್ಟು. ಅವರ ಹೆಸರನ್ನು ಕಾರ್ಯದರ್ಶಿ ಪುಸ್ತಕದಲ್ಲಿ ಬರೆದುಕೊಳ್ಳಲಿ, ಗೋಡೆಗೆ ಅಂಟಿಸುವುದು ಬೇಡ. ಒಬ್ಬಂಟಿ ಮಹಿಳೆಯರು, ವಯಸ್ಸಾದವರು ಸಭೆಗೆ ಬಂದಿರದಿದ್ದರೆ ಅವರ ಮನೆಗೇ ಹೋಗಿ ಕೇಳಿ. ಸಭೆಗೆ ಬರಲಾಗದವರೇ ಹೆಚ್ಚಾಗಿ ಕಷ್ಟದಲ್ಲಿರುತ್ತಾರೆ.

ಇನ್ನೂ ಒಂದು ನೋಡಿ. ಹೆಚ್ಚಿನ ಮನೆಗಳಿಗೆ ಒಂದೇ ಪ್ರಶ್ನೆಯಲ್ಲಿ ಕಾಳು ಬಂದಿದ್ದರೆ ಅದು ಇಡೀ ಊರಿನ ಕೊರತೆ. ಅದನ್ನು ಸಂಘ ಒಟ್ಟಾಗಿ ಎತ್ತಿಕೊಳ್ಳಬೇಕು.

ಮೇವಿನ ಲೆಕ್ಕ

ಒಂದು ಹಸುವಿಗೆ ದಿನಕ್ಕೆ 5 ಕೆ.ಜಿ. ಒಣಮೇವು ಎಂದರೆ ಫೆಬ್ರವರಿಯಿಂದ ಮೇವರೆಗೆ 120 ದಿನಕ್ಕೆ 600 ಕೆ.ಜಿ. ಹಸಿರು ಮೇವಿನ ಬದಲು ದಿನಕ್ಕೆ 15 ಕೆ.ಜಿ. ರಸಮೇವು ಕೊಟ್ಟರೆ 1,800 ಕೆ.ಜಿ. ಈ ಎರಡು ಅಂಕಿಗಳನ್ನು ನಿಮ್ಮ ರಾಸುಗಳ ಸಂಖ್ಯೆಯಿಂದ ಗುಣಿಸಿ, ಇರುವುದನ್ನು ಕಳೆಯಿರಿ. ಉಳಿದದ್ದೇ ನಿಮ್ಮ ಕೊರತೆ.

ಕೊಯ್ಲಿನ ಕಾಲದಲ್ಲಿ ಹುಲ್ಲು ಅಗ್ಗ, ಏಪ್ರಿಲ್‌ನಲ್ಲಿ ದುಬಾರಿ. ಕೈಯಲ್ಲಿ ಹಣವಿಲ್ಲದ ಮನೆ ಏಪ್ರಿಲ್‌ನಲ್ಲೇ ಕೊಳ್ಳಬೇಕಾಗುತ್ತದೆ. ಆದ್ದರಿಂದ ಸಂಘವೇ ಈಗ ಲೋಡುಗಟ್ಟಲೆ ಹುಲ್ಲು ತರಿಸಿ ಹಂಚಿ, ಹಣವನ್ನು ಬಟವಾಡೆಯಲ್ಲಿ ಕಂತಿನಂತೆ ಹಿಡಿದುಕೊಳ್ಳುವ ಬಗ್ಗೆ ಆಡಳಿತ ಮಂಡಳಿಯಲ್ಲಿ ಚರ್ಚಿಸಿ. ಜಮೀನಿಲ್ಲದವರು ಗೊಬ್ಬರ ಕೊಟ್ಟು, ನೀರಾವರಿ ಇರುವವರ ಜಮೀನಿನ ಒಂದಿಷ್ಟು ಜಾಗದಲ್ಲಿ ಮೇವು ಬೆಳೆದುಕೊಳ್ಳುವ ಒಪ್ಪಂದವೂ ಇಬ್ಬರಿಗೂ ಲಾಭ.

ರಸಮೇವಿಗೆ ಮುಸುಕಿನ ಜೋಳ ಒಳ್ಳೆಯದು. ಕಾಳು ಹಾಲುಗಾಳು ದಾಟಿ ಗಟ್ಟಿಯಾಗುವಾಗ ಕಟಾವು ಮಾಡಿ, ಸಣ್ಣಗೆ ಕತ್ತರಿಸಿ, ಗುಂಡಿ ಅಥವಾ ಚೀಲದಲ್ಲಿ ಗಾಳಿ ಉಳಿಯದಂತೆ ತುಳಿದು ಮುಚ್ಚಿ. ಸುಮಾರು 45 ದಿನಕ್ಕೆ ಸಿದ್ಧ. ಹುಳಿ ಮಿಶ್ರಿತ ಸುವಾಸನೆ ಇರಬೇಕು. ಬೂಷ್ಟು ಹಿಡಿದ ಭಾಗ ತೆಗೆದುಹಾಕಿ.

ಎಚ್ಚರಿಕೆ: ಮಳೆಯಿಲ್ಲದೆ ಬಾಡಿದ ಎಳೆಯ ಬಿಳಿಜೋಳ ಮತ್ತು ಅದರ ಕೂಳೆ ಚಿಗುರನ್ನು ಹಸುಗಳಿಗೆ ಮೇಯಿಸಬೇಡಿ. ಅದರಲ್ಲಿ ವಿಷದ ಅಂಶ ಇರುತ್ತದೆ, ರಾಸು ಸ್ವಲ್ಪ ಹೊತ್ತಿನಲ್ಲೇ ಸಾಯಬಹುದು. ಮೇಯ್ದಿದ್ದರೆ ತಕ್ಷಣ ಪಶುವೈದ್ಯರನ್ನು ಕರೆಸಿ.

ಯಾವಾಗ ಏನು?

ನವೆಂಬರ್–ಜನವರಿ: ಕಾಳಿನ ಲೆಕ್ಕ, ಹುಲ್ಲು ಖರೀದಿ, ವಿಮೆ ನವೀಕರಣ.

ಫೆಬ್ರವರಿ: ಕೊಟ್ಟಿಗೆ ಚಾವಣಿಯ ಮೇಲೆ ತೆಂಗಿನ ಗರಿ ಅಥವಾ ಸುಣ್ಣ. ಪಶ್ಚಿಮದ ಬಿಸಿಲಿಗೆ ಗೋಣಿ ತಟ್ಟಿ. ನೀರಿನ ತೊಟ್ಟಿ ದುರಸ್ತಿ, ಗ್ರಾಮ ಪಂಚಾಯಿತಿಗೆ ಜಾನುವಾರು ತೊಟ್ಟಿಗಾಗಿ ಸಂಘದಿಂದ ಮನವಿ.

ಮಾರ್ಚ್–ಮೇ: ಮೇವನ್ನು ಬೆಳಗಿನ ಜಾವ ಮತ್ತು ಸಂಜೆ ತಂಪಿನಲ್ಲಿ ಹೆಚ್ಚು ಕೊಡಿ. ದಿನಕ್ಕೆ ನಾಲ್ಕೈದು ಬಾರಿ ನೀರು, ಪಶು ಆಹಾರದ ಜೊತೆ ಖನಿಜ ಮಿಶ್ರಣ ಮತ್ತು ಉಪ್ಪು. ಮಧ್ಯಾಹ್ನ ಮೈಮೇಲೆ ನೀರು ಚಿಮುಕಿಸಿ, ಗಾಳಿ ಆಡಲು ಬಿಡಿ.

ಮೇ–ಜೂನ್: ಮಳೆಗೆ ಮುಂಚೆ ಗಂಟಲು ಬೇನೆ ಮತ್ತು ಚಪ್ಪೆ ಬೇನೆಯ ಲಸಿಕೆ. ಸೊಳ್ಳೆ, ನೊಣ, ಉಣ್ಣೆ ಹತೋಟಿ. 2022ರಲ್ಲಿ ರಾಜ್ಯವನ್ನು ಕಾಡಿದ ಚರ್ಮಗಂಟು ರೋಗ ಹರಡುವುದು ಇಂಥ ಕೀಟಗಳಿಂದಲೇ.

ಜೂನ್–ಅಕ್ಟೋಬರ್: ಮೇವಿನ ಜೋಳ ಬಿತ್ತನೆ, ರಸಮೇವು ತಯಾರಿಕೆ, ಬದುವಿನ ಮೇಲೆ ಚೊಗಚೆ, ನುಗ್ಗೆ ಗಿಡ.

ಕೊನೆಯದಾಗಿ

ಸೆಕೆಗೆ ಒಂದು ಹಸುವಿನ ಹಾಲು ದಿನಕ್ಕೆ 2 ಲೀಟರ್ ಇಳಿದರೆ, ಲೀಟರಿಗೆ 35 ರೂಪಾಯಿ ಹಿಡಿದರೂ 90 ದಿನಕ್ಕೆ 6,300 ರೂಪಾಯಿ ನಷ್ಟ. ತೆಂಗಿನ ಗರಿ, ಗೋಣಿ ತಟ್ಟಿ, ಒಂದು ತೊಟ್ಟಿಗೆ ಇಷ್ಟೂ ಖರ್ಚಾಗುವುದಿಲ್ಲ.

ಮುಂದಿನ ತಿಂಗಳ ಸಭೆಯಲ್ಲಿ ಕಾಳಿನ ಲೆಕ್ಕ ಮಾಡಿ. ಮೂರಕ್ಕಿಂತ ಹೆಚ್ಚು ಕಾಳು ಹಿಡಿದ ಸದಸ್ಯೆಯ ಹಸು ಮೇ ಕೊನೆಯಲ್ಲೂ ಅವರ ಕೊಟ್ಟಿಗೆಯಲ್ಲೇ ಇದ್ದರೆ ನಮ್ಮ ಸಂಘ ತನ್ನ ಕೆಲಸ ಮಾಡಿದಂತೆ.