ಹಾದಿಯಲ್ಲಿ ಕಿವಿಗೆ ಬಿದ್ದ ನಾದ

ದೇಹಕ್ಕೆ ಅನ್ನ ಹೇಗೋ ಮನಸ್ಸಿಗೆ ನಾದ ಹಾಗೆ. ಸಭಾಭವನದಲ್ಲಿ ಕುಳಿತು ಶಾಸ್ತ್ರೀಯ ಸಂಗೀತ ಕೇಳುವ ಸುಖ ಒಂದು ಬಗೆಯದು. ಸಂತೆಗೋ ಜಾತ್ರೆಗೋ ಹೊರಟಾಗ ನೆನೆಯದೆ ಕಿವಿಗೆ ಬಿದ್ದ ಆಲಾಪದ ಸುಖ ಇನ್ನೊಂದು ಬಗೆಯದು. ಈ ಎರಡನೆಯ ಸುಖವು ಆರೋಗ್ಯಕ್ಕೆ ಹೇಗೆ ಉಪಕಾರಿ ಎಂಬುದನ್ನು ವಿಚಾರಿಸೋಣ.

ಮೆಚ್ಚಿದ ಸಂಗೀತ ಕೇಳಿ ರೋಮಾಂಚನಗೊಂಡಾಗ ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಸ್ರವಿಸುವುದನ್ನು 2011ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದ ವಿಜ್ಞಾನಿಗಳು ತೋರಿಸಿಕೊಟ್ಟರು. ಹಸಿದವನು ಉಂಡಾಗಿನ ತೃಪ್ತಿಯಲ್ಲಿಯೂ ಇದರ ಪಾತ್ರವುಂಟು. ಎದುರುನೋಡಿದ ಫಲಕ್ಕಿಂತ ಅನಿರೀಕ್ಷಿತ ಫಲಕ್ಕೆ ಡೋಪಮೈನ್ ನರಕೋಶಗಳು ಹೆಚ್ಚು ಸ್ಪಂದಿಸುತ್ತವೆ. ಹಾದಿಯ ಹಾಡು ಮನಸ್ಸನ್ನು ಥಟ್ಟನೆ ಅರಳಿಸುವುದಕ್ಕೆ ಇದೂ ಒಂದು ಕಾರಣವಿರಬೇಕು. ವಿಲಂಬಿತ ಲಯದ ಸಂಗೀತವು ಉಸಿರನ್ನೂ ನಾಡಿಯನ್ನೂ ಶಾಂತಗೊಳಿಸಬಲ್ಲುದು.

ಆದರೆ ಈ ಸುಖ ನಿಂತು ಕೇಳಿದವರಿಗೆ ಮಾತ್ರ. 2007ರ ಜನವರಿ 12ರ ಬೆಳಿಗ್ಗೆ, ಜಗತ್ಪ್ರಸಿದ್ಧ ಪಿಟೀಲುವಾದಕ ಜೋಶುವಾ ಬೆಲ್ ಅವರು ಅಮೆರಿಕದ ವಾಷಿಂಗ್ಟನ್ ನಗರದ ಮೆಟ್ರೋ ನಿಲ್ದಾಣದಲ್ಲಿ ಯಾರಿಗೂ ಹೇಳದೆ 43 ನಿಮಿಷ ನುಡಿಸಿದರು. ಹಾದುಹೋದವರು ಸಾವಿರಕ್ಕೂ ಹೆಚ್ಚು. ನಿಂತು ಕೇಳಿದವರು ಏಳೇ ಜನ. ಉಳಿದವರನ್ನು ದೂರುವಂತಿಲ್ಲ, ಅವಸರವು ನಮ್ಮೆಲ್ಲರ ಕಿವಿಯನ್ನೂ ಮುಚ್ಚಿದೆ.

ನಿಂತು ಕೇಳುವುದರ ಫಲವನ್ನು ನಮ್ಮ ಸೀಮೆಯೇ ಕಂಡಿದೆ. ಹಾನಗಲ್ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಬಾಲಕನೊಬ್ಬನಿಗೂ ಅವನ ಸಹೋದರನಿಗೂ ಕಣ್ಣಿರಲಿಲ್ಲ, ಕಂಠವಿತ್ತು. ಆ ಹಾಡಿಗೆ ಕಿವಿಗೊಟ್ಟ ಪರಮಪೂಜ್ಯ ಹಾನಗಲ್ ಕುಮಾರ ಶಿವಯೋಗಿಗಳು ಮಕ್ಕಳನ್ನು ತಮ್ಮೊಡನೆ ಕರೆತಂದು ಸಂಗೀತಶಿಕ್ಷಣ ಕೊಡಿಸಿದರು. ಆ ಬಾಲಕನೇ ಪಂಚಾಕ್ಷರಿ ಗವಾಯಿಗಳು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳ ಕಾಲಕ್ಕೆ ಗದುಗಿನ ವೀರೇಶ್ವರ ಪುಣ್ಯಾಶ್ರಮವು ಅಸಂಖ್ಯ ಅಂಧಮಕ್ಕಳಿಗೆ ಅನ್ನವನ್ನೂ ವಿದ್ಯೆಯನ್ನೂ ನೀಡಿತು. ಅಂದು ಪೂಜ್ಯರು ಕೇಳಿಯೂ ಮುಂದೆ ನಡೆದಿದ್ದರೆ ನಾಡಿಗೆ ಆಗುತ್ತಿದ್ದ ನಷ್ಟವೆಷ್ಟು!

ಸದ್ಭಕ್ತರು ಆಚರಿಸಬಹುದಾದ ಕೆಲವು ನಿಯಮಗಳಿವು:

1. ದಾರಿಯಲ್ಲಿ ಹಾಡು ಕೇಳಿಬಂದರೆ ಮೊಬೈಲನ್ನು ಜೇಬಿಗಿಳಿಸಿ ಐದು ನಿಮಿಷವಾದರೂ ನಿಲ್ಲಬೇಕು.

2. ಸಂಗೀತ ಕಲಿಯುವ ಮಕ್ಕಳಿಂದ ಹಾನಗಲ್, ಹಿರೇಕೆರೂರುಗಳ ಬಸ್ ನಿಲ್ದಾಣದಲ್ಲಿ, ಶಿಗ್ಗಾವಿಯ ಸಂತೆಯಲ್ಲಿ, ಸವಣೂರಿನ ದೊಡ್ಡಹುಣಸೆ ಮರಗಳ ನೆರಳಿನಲ್ಲಿ, ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಹಾಡಿಸಬೇಕು. ಕೇಳುವವರಿಗೆ ಸಮಾಧಾನ, ಹಾಡುವವರಿಗೆ ಧೈರ್ಯ.

3. ಧ್ವನಿವರ್ಧಕ ಬೇಡ. ತಂಬೂರಿ, ಹಾರ್ಮೋನಿಯಂ, ತಬಲಾ ಸಾಕು. ಅತಿಯಾದ ಸದ್ದು ಕಿವಿಗೂ ಹೃದಯಕ್ಕೂ ಹಾನಿಕರ. ಆಸ್ಪತ್ರೆಯ ಬಳಿ ವೈದ್ಯರ ಅನುಮತಿಯಿಲ್ಲದೆ ಹಾಡಬಾರದು.

4. ಸಂಗೀತವು ಔಷಧಕ್ಕೆ ಬದಲಲ್ಲ. ರಕ್ತದೊತ್ತಡ, ಮಧುಮೇಹಗಳ ಮಾತ್ರೆಗಳನ್ನು ತಪ್ಪಿಸಲಾಗದು.

ಹಾದಿಬದಿಯಲ್ಲಿ ಹಾಡುವ ಕಂಠ ಯಾರದೆಂದು ನಾವು ಅರಿಯೆವು. ಆದ್ದರಿಂದ ಮೊದಲು ನಿಲ್ಲೋಣ, ಕೇಳೋಣ.